ಸೈನಸ್ ತೊಂದರೆಗೆ ಯಾವ ಶಸ್ತ್ರಚಿಕಿತ್ಸೆ?

ಪ್ರಶ್ನೆ: ನನಗೆ 44 ವರ್ಷ, ಅಡಿಕೆ ಕೃಷಿಕ. ನಾಲ್ಕು ವರ್ಷಗಳಿಂದ ಮೂಗು ಕಟ್ಟಿಕೊಂಡು ಹಣೆ, ಕೆನ್ನೆ ಭಾರವಾಗಿರುತ್ತವೆ, ವಾಸನೆಯೂ ತಿಳಿಯುವುದಿಲ್ಲ. ಮೂಗಿಗೆ ಸಿಂಪಡಿಸುವ ಔಷಧವನ್ನು ತಿಂಗಳುಗಟ್ಟಲೆ ಬಳಸಿದ್ದೇನೆ. ಸಿ.ಟಿ. ಸ್ಕ್ಯಾನಿನಲ್ಲಿ ಎರಡೂ ಕಡೆ ದುರ್ಮಾಂಸವಿದೆಯೆಂದು ತಿಳಿದು, ಕಾಸರಗೋಡಿನ ವೈದ್ಯರು ಎಂಡೋಸ್ಕೋಪ್ ಶಸ್ತ್ರಚಿಕಿತ್ಸೆಗೆ ಹೇಳಿದ್ದಾರೆ. ಮಂಗಳೂರಿನಲ್ಲಿ ಬಲೂನ್ ಚಿಕಿತ್ಸೆ ಮಾಡಿಸಿಕೊಂಡ ಬಂಧುವೊಬ್ಬರು ಅದೇ ಸುಲಭ ಎನ್ನುತ್ತಾರೆ. ಹಿಂದೆ ಮೇಲ್ದುಟಿಯ ಒಳಗಿನಿಂದ ಕೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನನ್ನ ದೊಡ್ಡಪ್ಪನ ಕೆನ್ನೆ ಈಗಲೂ ಜೋಮು ಹಿಡಿದಂತಿರುವುದರಿಂದ ನನಗೆ ಭಯವಾಗುತ್ತಿದೆ.
- ಓದುಗರು, ಬದಿಯಡ್ಕ

ಉತ್ತರ: ನಿಮ್ಮ ದೊಡ್ಡಪ್ಪನವರಿಗೆ ಆದದ್ದು ಕಾಲ್ಡ್‌ವೆಲ್-ಲೂಕ್ ಎಂಬ, 1890ರ ದಶಕದಿಂದ ಬಂದ ವಿಧಾನವಿರಬೇಕು. ಕೆನ್ನೆಯ ಮೂಳೆಯನ್ನು ಕೊರೆಯುವಾಗ ಅಲ್ಲಿನ ನರಕ್ಕೆ ಪೆಟ್ಟಾದರೆ ಜೋಮು ಉಳಿಯುತ್ತದೆ. ಅದನ್ನು ಈಗ ಅಪರೂಪಕ್ಕೆ ಮಾತ್ರ ಮಾಡುತ್ತಾರೆ. ನಿಮಗೆ ಸೂಚಿಸಿರುವುದು ಅದಲ್ಲ.

ಸೈನಸ್ಸುಗಳೆಂದರೆ ಮೂಗಿನ ಸುತ್ತಲ ಮೂಳೆಗಳೊಳಗಿನ ಗಾಳಿಗೂಡುಗಳು. ಬಲೂನ್ ವಿಧಾನದಲ್ಲಿ ಸೈನಸ್ಸಿನ ಕಿರಿದಾದ ಬಾಯಿಗೆ ಪುಟ್ಟ ಬಲೂನು ತೂರಿಸಿ, ಅದನ್ನು ಉಬ್ಬಿಸಿ ದಾರಿಯನ್ನು ಅಗಲಿಸುತ್ತಾರೆ. ಏನನ್ನೂ ಕತ್ತರಿಸಿ ತೆಗೆಯುವುದಿಲ್ಲವಾದ್ದರಿಂದ ನೋವು ಕಡಿಮೆ, ಚೇತರಿಕೆಯೂ ಬೇಗ. ದುರ್ಮಾಂಸವಿಲ್ಲದೆ ಬಾಯಿ ಮಾತ್ರ ಕಿರಿದಾಗಿರುವವರಿಗೆ ಅದು ಒಳ್ಳೆಯ ಚಿಕಿತ್ಸೆ. ನಿಮ್ಮ ಬಂಧುವಿನ ತೊಂದರೆ ಅಂಥದ್ದಿರಬಹುದು. ಆದರೆ ದುರ್ಮಾಂಸವೆಂದರೆ ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಜೋತುಬಿದ್ದ ಊತ; ಬಲೂನು ಅದನ್ನು ತೆಗೆಯಲಾರದು. ಎರಡು ಕಣ್ಣುಗಳ ನಡುವೆ ಜೇನುಗೂಡಿನಂತಿರುವ ಎತ್ಮಾಯ್ಡ್ ಎಂಬ ಸೈನಸ್ ಕೋಶಗಳಿಗೂ ಅದು ಒದಗುವುದಿಲ್ಲ. ನಿಮ್ಮ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ: ಗಾಳಿಯಿರುವ ಜಾಗ ಕಪ್ಪಾಗಿ ಕಾಣುತ್ತದೆ. ಕಣ್ಣುಗಳ ನಡುವಣ ಭಾಗ ಬೂದುಬಣ್ಣಕ್ಕೆ ತಿರುಗಿದ್ದರೆ ನಿಮ್ಮ ವೈದ್ಯರ ಸಲಹೆಯ ಕಾರಣ ನಿಮಗೇ ಅರ್ಥವಾಗುತ್ತದೆ.

ಎಂಡೋಸ್ಕೋಪ್ ಎಂದರೆ ಒಳಗನ್ನು ಬೆಳಗಿ ತೋರಿಸುವ ತೆಳ್ಳಗಿನ ಕೊಳವೆ; ಅದರ ನೆರವಿನ ಶಸ್ತ್ರಚಿಕಿತ್ಸೆಯಲ್ಲಿ ಹೊರಗೆ ಗಾಯವಿರುವುದಿಲ್ಲ. ಮೂಗಿನ ಹೊಳ್ಳೆಯ ಮೂಲಕವೇ ದುರ್ಮಾಂಸವನ್ನು ತೆಗೆದು ಸೈನಸ್ಸುಗಳ ಬಾಯಿ ಬಿಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಮಗೆ ಒಪ್ಪುವುದು ಇದೇ. ಮೂಗಿನ ನಡುಗೋಡೆ ಸೊಟ್ಟಗಿದ್ದರೆ ಅದನ್ನೂ ಜತೆಯಲ್ಲೇ ಸರಿಪಡಿಸಬಹುದು.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಶಸ್ತ್ರಚಿಕಿತ್ಸೆ ದಾರಿಯನ್ನು ತೆರೆಯುತ್ತದೆಯೇ ಹೊರತು ದುರ್ಮಾಂಸ ಬೆಳೆಸುವ ಒಳಪದರದ ಸ್ವಭಾವವನ್ನು ಬದಲಿಸುವುದಿಲ್ಲ. ಕುದಿಸಿ ಆರಿಸಿದ ನೀರಿನ ಉಪ್ಪುದ್ರಾವಣದಿಂದ ಮೂಗು ತೊಳೆಯುವುದನ್ನೂ ಸ್ಟೀರಾಯ್ಡ್ ಸ್ಪ್ರೇಯನ್ನೂ ಆಮೇಲೆ ಬಿಟ್ಟವರಲ್ಲಿ ಅದು ಮರಳುವುದು ಹೆಚ್ಚು. ಒಣಗಿದ ಅಡಿಕೆ ಸುಲಿಯುವಾಗ ದಯವಿಟ್ಟು ಮಾಸ್ಕ್ ಧರಿಸಿ.

ಅಸ್ತಮಾ ಇದ್ದರೆ, ಆಸ್ಪಿರಿನ್‌ನಂಥ ನೋವಿನ ಮಾತ್ರೆಯಿಂದ ಉಬ್ಬಸ ಬಂದಿದ್ದರೆ, ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಕಣ್ಣು ಮತ್ತು ಮಿದುಳಿನ ತಳ ಸೈನಸ್ಸುಗಳಿಗೆ ತೀರ ಹತ್ತಿರವಿರುವುದರಿಂದ ಅಪರೂಪಕ್ಕೆ ಅಲ್ಲಿಗೂ ಪೆಟ್ಟಾಗುವುದುಂಟು. ಮನೆಗೆ ಬಂದ ಮೇಲೆ ದೃಷ್ಟಿ ಮಂಜಾದರೆ, ರಕ್ತ ನಿಲ್ಲದೆ ಸುರಿದರೆ, ಇಲ್ಲವೇ ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ, ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.