ಕಲ್ಲಿದ್ದಲು ಗಣಿಯ ಕ್ಯಾನರಿ: ಹಕ್ಕಿಯೂ ನಿಜ, ಮಾತೂ ನಿಜ

‘ಕ್ಯಾನರಿ ಇನ್ ಎ ಕೋಲ್ ಮೈನ್’ ಎನ್ನುತ್ತಾರಲ್ಲ, ಗಣಿಯೊಳಗೆ ನಿಜಕ್ಕೂ ಹಕ್ಕಿ ಒಯ್ಯುತ್ತಿದ್ದರೇ, ಕೆಲಸ ಬಿಟ್ಟ ಸಹೋದ್ಯೋಗಿಯನ್ನು ಯಾರೋ ಹಾಗೆ ಕರೆದದ್ದೇಕೆ ಎಂದು ಕೇಳಿದ್ದೀರಿ.

ಒಯ್ಯುತ್ತಿದ್ದರು, ಕಟ್ಟುಕಥೆಯಲ್ಲ. ಗಣಿಯಲ್ಲಿ ಸ್ಫೋಟವೋ ಬೆಂಕಿಯೋ ಸಂಭವಿಸಿದರೆ ಒಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. 1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಗಣಿ ದುರಂತವನ್ನು ಪರಿಶೀಲಿಸಿದ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್, ಹೆಚ್ಚಿನವರನ್ನು ಕೊಂದದ್ದು ಸ್ಫೋಟವಲ್ಲ, ಈ ಅನಿಲ ಎಂದು ಕಂಡುಕೊಂಡರು. ಮನುಷ್ಯನಿಗಿಂತ ಮೊದಲೇ ವಿಷವೇರುವ ಪುಟ್ಟ ಪ್ರಾಣಿಯನ್ನು ಜೊತೆಗೆ ಒಯ್ಯಬೇಕೆಂಬ ಸಲಹೆಯೂ ಅವರದೇ. ಇಲಿಯೂ ಆಗುತ್ತಿತ್ತು, ಆದರೆ ಇಲಿ ಮುದುಡಿ ಕೂತರೆ ಅದು ನಿದ್ದೆಯೋ ನಂಜೋ ತಿಳಿಯುವುದಿಲ್ಲ. ಕ್ಯಾನರಿ ತೂರಾಡಿ, ಕೂತ ಕಡ್ಡಿಯಿಂದ ಕೆಳಗೆ ಬೀಳುತ್ತದೆ. ಮಂದ ದೀಪದಲ್ಲೂ ಅದು ಕಣ್ಣಿಗೆ ಬೀಳುತ್ತದೆ. ಹಕ್ಕಿಯ ಉಸಿರಾಟದ ವೇಗ ಹೆಚ್ಚು. ಉಸಿರು ಒಳಗೆಳೆಯುವಾಗಲೂ ಹೊರಬಿಡುವಾಗಲೂ ಅದರ ಶ್ವಾಸಕೋಶದಲ್ಲಿ ಹೊಸ ಗಾಳಿ ಹರಿಯುತ್ತದೆ. ವಿಷ ಬೇಗ ತಾಗುವುದು ಅದಕ್ಕೇ.

ಹಕ್ಕಿಯನ್ನು ಸಾಯಲು ಬಿಡುತ್ತಿದ್ದರು ಎಂಬುದು ಮಾತ್ರ ಪೂರ್ತಿ ಸರಿಯಲ್ಲ. ರಕ್ಷಣಾ ತಂಡಗಳು ಬಳಸಿದ ಒಂದು ಬಗೆಯ ಪಂಜರಕ್ಕೆ ಸಣ್ಣ ಆಮ್ಲಜನಕ ಸಿಲಿಂಡರೇ ಹಿಡಿಕೆ. ಹಕ್ಕಿ ಬಿದ್ದೊಡನೆ ದುಂಡನೆಯ ಬಾಗಿಲು ಮುಚ್ಚಿ ಸಿಲಿಂಡರ್ ತಿರುಗಿಸಿದರೆ ಅದು ಚೇತರಿಸಿಕೊಳ್ಳಬಹುದಿತ್ತು. ಬ್ರಿಟನ್ನಿನ ಗಣಿಗಳಲ್ಲಿ ಈ ಹಕ್ಕಿಗಳ ಬದಲಿಗೆ ಎಲೆಕ್ಟ್ರಾನಿಕ್ ಪತ್ತೆಯಂತ್ರ ತರುವ ತೀರ್ಮಾನವಾದದ್ದು 1986ರಲ್ಲಿ. ಅಷ್ಟು ತಡವಾಗಿ ಎಂದರೆ ನನಗೆ ಈಗಲೂ ಸೋಜಿಗ.

ಇನ್ನು ಲಾಕ್ಷಣಿಕ ಅರ್ಥ. ‘ಕೆಟ್ಟ ಸೂಚನೆ’ ಎಂದು ಹೇಳಿ ಮುಗಿಸುವವರೇ ಹೆಚ್ಚು. ನನಗೆ ಅದು ಸಾಲದು. ಅಪಶಕುನಕ್ಕೂ ಮುಂದಾಗುವುದಕ್ಕೂ ನಂಟಿಲ್ಲ. ಕ್ಯಾನರಿಯಾದರೋ ನೀವು ಉಸಿರಾಡುವ ಗಾಳಿಯನ್ನೇ ಉಸಿರಾಡುತ್ತಿದೆ, ನಿಮಗಿಂತ ಮೊದಲು ಕುಸಿಯುತ್ತದೆ, ನಿಮಗೆ ಹೊರಗೋಡಲು ಇನ್ನೂ ಸಮಯವಿದೆ. ಈ ಮೂರೂ ಕೂಡಿದಾಗಲೇ ಮಾತು ಹೊಂದುತ್ತದೆ. ಸಮುದ್ರದ ನೀರು ಸ್ವಲ್ಪ ಬಿಸಿಯಾದರೂ ಬಿಳುಚಿಕೊಳ್ಳುವ ಹವಳದ ದಿಬ್ಬಗಳಿಗೆ, ತೆಳು ಚರ್ಮದಿಂದ ನೀರಿನ ವಿಷವನ್ನು ಹೀರಿಕೊಳ್ಳುವ ಕಪ್ಪೆಗಳಿಗೆ ವಿಜ್ಞಾನ ಬರಹಗಾರರು ಈ ಮಾತು ಬಳಸುವುದು ಅದಕ್ಕಾಗಿಯೇ.

ನಿಮ್ಮ ಸಹೋದ್ಯೋಗಿಯ ವಿಷಯಕ್ಕೆ ಬಂದರೆ, ಅದು ಅವರ ಮೇಲಿನ ದೂರಲ್ಲ. ಎಲ್ಲರಿಗೂ ತಟ್ಟಲಿರುವ ತೊಂದರೆ ಅವರಿಗೆ ಮೊದಲು ತಟ್ಟಿತು ಎಂದರ್ಥ. ಆದರೆ ಆಗಲೇ ಅರ್ಧ ವಿಭಾಗ ಖಾಲಿಯಾಗಿದ್ದರೆ ಈ ಮಾತು ಬಳಸಬೇಡಿ; ಅನಿಲ ಎಲ್ಲರಿಗೂ ತಾಗಿಯಾಗಿದೆ.