ಊಟದ ನಂತರ ಫೈಬ್ರೋಸ್ಕ್ಯಾನ್ ಮಾಡಿದರೆ ಲಿವರ್ ಗಡಸುತನ ಹೆಚ್ಚು ಬರುವುದೇಕೆ?

ಲಿವರ್ ಎಷ್ಟು ಗಡಸಾಗಿದೆ ಎಂದು ನೋಡುವ ಫೈಬ್ರೋಸ್ಕ್ಯಾನ್ ಪರೀಕ್ಷೆ ನೇರವಾಗಿ ಅಳೆಯುವುದು ಫೈಬ್ರೋಸಿಸ್ (ಲಿವರ್ ಒಳಗೆ ಗಾಯದ ಕಲೆಯಂತೆ ನಾರು ಕಟ್ಟುವುದು) ಅನ್ನಲ್ಲ, ಲಿವರ್ ಒಳಗೆ ಕಂಪನದ ಅಲೆ ಓಡುವ ವೇಗವನ್ನು. ಅಂಗ ಬಿಗಿಯಾದಷ್ಟೂ ಅಲೆ ಬೇಗ ಓಡುತ್ತದೆ. ಲಿವರ್ ಸುತ್ತ ಸುಲಭಕ್ಕೆ ಹಿಗ್ಗದ ಪೊರೆಯಿದೆ. ಊಟವಾದ ಮೇಲೆ ಕರುಳಿನಿಂದ ಲಿವರ್ ಕಡೆಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಹರಿವು ಹೆಚ್ಚಿ, ನೀರು ತುಂಬಿದ ಬಲೂನಿನಂತೆ ಒಳಗೆ ಬಿಗಿಯಾಗುತ್ತದೆ. ಅದಕ್ಕೇ ಪರೀಕ್ಷೆಗೆ ಮುನ್ನ ಕನಿಷ್ಠ 3 ಗಂಟೆ ಏನೂ ತಿನ್ನಬಾರದು. ಉಸಿರನ್ನು ಆಳವಾಗಿ ಎಳೆದು ಬಿಗಿಹಿಡಿದರೂ ಅಂಕಿ ಏರಬಹುದು. ಮಾಮೂಲಿ ಉಸಿರಾಟದ ನಡುವೆ ಕೆಲವು ಸೆಕೆಂಡು ನಿಲ್ಲಿಸಿದರೆ ಸಾಕು.

ಹೃದಯದ ಬಲಭಾಗ ಸೋತಿದ್ದರೆ ಉಪವಾಸದಿಂದಲೂ ಸರಿಹೋಗದು. ರಕ್ತ ಹೊರಹೋಗದೆ ಲಿವರ್‌ನಲ್ಲೇ ಕಟ್ಟಿಕೊಂಡು, ಫೈಬ್ರೋಸಿಸ್ ಮಿತಿಮೀರಿದ ಕೊನೆಯ ಹಂತವಾದ ಸಿರೋಸಿಸ್‌ನಷ್ಟೇ ಕಿಲೋಪ್ಯಾಸ್ಕಲ್ (ಗಡಸುತನದ ಅಳತೆ) ತೋರಿಸಬಹುದು. ಪರೀಕ್ಷೆಯಲ್ಲಿ ತೆಗೆಯುವ 10 ಅಳತೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿದರೂ ಈ ತಪ್ಪು ಗೊತ್ತಾಗದು. ಕಾಲು ಊದಿ, ಕತ್ತಿನ ನರ ಉಬ್ಬಿದ್ದರೆ ಮೊದಲು ಹೃದಯ ನೋಡಿಸಿ.