ಕೆಂಡ ಥಳಥಳಿಸುವುದಿಲ್ಲ

ಹಾಸನ

ಮಾನ್ಯರೇ,

ಸಕಲೇಶಪುರದ ತೋಟದ ಮನೆಯಲ್ಲಿ ಅಜ್ಜಿಯೊಡನೆ ಕಳೆದ ಕೊನೆಯ ಕುಯ್ಲಿನ ದಿನಗಳನ್ನು ಕುರಿತು ನೀವು ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ 14 ಪುಟಗಳ ಕಥೆಯನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಇಂಗ್ಲಿಷಿನದಾದರೂ ಉತ್ತರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿಮ್ಮ ವ್ಯಾಕರಣದಲ್ಲಿ ದೋಷವಿಲ್ಲ, ಕಥೆಯ ಕಟ್ಟೂ ಗಟ್ಟಿಯಾಗಿದೆ. ನೀವು ಎಡವಿರುವುದು ಬೆಳಕನ್ನೂ ಹೊಳಪನ್ನೂ ಹೇಳುವ ಮಾತುಗಳಲ್ಲಿ ಮಾತ್ರ, ಮತ್ತು ಅದನ್ನು ಸರಿಪಡಿಸಿಕೊಳ್ಳಲು ಬೇಕಾದ ತಿಳಿವಳಿಕೆ ನಿಮ್ಮ ಕನ್ನಡದಲ್ಲಿ ಆಗಲೇ ಇದೆ.

ಪೆನ್ಸಿಲ್ ಹಿಡಿದು ಎಣಿಸಿದೆ: ‘ಗ್ಲಿಟರ್’ 11 ಕಡೆ ಬಂದಿದೆ. ಕಾಫಿ ಎಲೆಯ ಮೇಲಿನ ಇಬ್ಬನಿ, ಒಲೆಯ ಕೆಂಡ, ಹೇಮಾವತಿಯ ನೀರು, ಅಜ್ಜಿಯ ಕಣ್ಣು, ಎಲ್ಲಕ್ಕೂ ಅದೇ. ಆರನೆಯ ಪುಟದ ಹೊತ್ತಿಗೆ ನಿಮಗೂ ಬೇಸರ ಬಂದಿರಬೇಕು, ಏಕೆಂದರೆ ಅಲ್ಲಿಂದ ಮುಂದೆ ಗ್ಲಿಮರ್, ಶಿಮರ್, ಸ್ಪಾರ್ಕಲ್, ಗ್ಲಿಂಟ್, ಗ್ಲೇರ್ ಎಂದು ಥೆಸಾರಸ್ಸಿನ, ಅಂದರೆ ಸಮಾನಾರ್ಥಕ ಪದಕೋಶದ, ಒಂದು ಪುಟವೇ ಸರದಿ ತಪ್ಪದೆ ಕಥೆಯೊಳಗೆ ಇಳಿದಿದೆ. ಬ್ರಿಟನ್ನಿನ ಪೀಟರ್ ರೋಜೆ 1852ರಲ್ಲಿ ತಮ್ಮ ಥೆಸಾರಸ್ಸನ್ನು ಹೊರತಂದಾಗ ಒಂದೇ ಭಾವದ ಸುತ್ತಲಿನ ಮಾತುಗಳನ್ನು ಒಂದೆಡೆ ಗುಂಪು ಮಾಡಿಟ್ಟರೇ ಹೊರತು, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬಹುದೆಂದು ಹೇಳಿದವರಲ್ಲ. ನಮ್ಮ ಇಂಗ್ಲಿಷ್–ಕನ್ನಡ ನಿಘಂಟುಗಳನ್ನು ತೆರೆದರೂ ಅಷ್ಟೇ; ‘ಹೊಳೆ’, ‘ಮಿನುಗು’, ‘ಪ್ರಕಾಶಿಸು’ ಎಂಬ ಮೂರು ನಾಲ್ಕು ಅರ್ಥಗಳೇ ಸುತ್ತಿ ಸುತ್ತಿ ಬರುತ್ತವೆ.

ಒಲೆಯ ಮುಂದೆ ಕೂತ ಅಜ್ಜಿಯನ್ನು ಕನ್ನಡದಲ್ಲಿ ಬರೆದಿದ್ದರೆ ‘ಕೆಂಡ ಥಳಥಳಿಸಿತು’ ಎಂದು ನೀವು ಬರೆಯುತ್ತಿದ್ದಿರಾ? ಕೆಂಡ ನಿಗಿನಿಗಿ ಎನ್ನುತ್ತದೆ. ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ತಂಬಿಗೆ ಥಳಥಳ ಎನ್ನುತ್ತದೆ. ಎಣ್ಣೆ ಹಚ್ಚಿದ ಮೈ ಮಿರಿಮಿರಿ ಮಿಂಚುತ್ತದೆ, ಕಣಿವೆಯಾಚೆಯ ದೀಪ ಮಿಣಮಿಣ ಎನ್ನುತ್ತದೆ, ಮದುವೆಮನೆಯ ಒಡವೆ ಝಗಝಗಿಸುತ್ತದೆ, ಕಾಫಿ ಒಣಗಿಸುವ ಸಿಮೆಂಟಿನ ಕಣದ ಮೇಲೆ ಬಿದ್ದ ಮಧ್ಯಾಹ್ನದ ಬಿಸಿಲು ಕಣ್ಣಿಗೆ ರಾಚುತ್ತದೆ. ಇವನ್ನು ಅದಲು ಬದಲು ಮಾಡಿದರೆ ಶಾಲೆಯ ಹುಡುಗನೂ ನಗುತ್ತಾನೆ. ಇಂಗ್ಲಿಷನ್ನು ಮನೆಮಾತಾಗಿ ಉಳ್ಳವನ ಕಿವಿಯೂ ಹೀಗೆಯೇ ಕೆಲಸ ಮಾಡುತ್ತದೆ. ಉರಿಯಿಲ್ಲದೆ ಒಳಗಿನಿಂದಲೇ ಕೆಂಪಾಗಿ ನಿಂತ ಕೆಂಡಕ್ಕೆ ಅವನ ಮಾತು ‘ಗ್ಲೋ’. ನೀರಿನಿಂದಲೋ ಎಣ್ಣೆಯಿಂದಲೋ ಒದ್ದೆಯಾದ ಮೈಯ ಹೊಳಪು ‘ಗ್ಲಿಸನ್’, ಬರೆಯುವಾಗ ಅದರಲ್ಲಿ ‘ಟಿ’ ಇದ್ದರೂ ನುಡಿಯುವಾಗ ಇಲ್ಲ. ಕಣಿವೆಯಾಚೆಯ ಮಬ್ಬು ದೀಪ ‘ಗ್ಲಿಮರ್’. ರಾಚುವ ಬಿಸಿಲು ‘ಗ್ಲೇರ್’. ನೀವು ‘ಗ್ಲೇರ್’ ಬಳಸಿರುವುದು ಬೆಳದಿಂಗಳಿಗೆ. ಇದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ. ನನ್ನ ಮೊದಲ ಅನುವಾದದಲ್ಲಿ ನಾನೂ ಇದೇ ತಪ್ಪನ್ನು ಮಾಡಿ, ಹಿರಿಯರೊಬ್ಬರಿಂದ ‘ನಿಮ್ಮೂರಿನಲ್ಲಿ ಚಂದ್ರನಿಗೂ ಕೊಡೆ ಹಿಡಿಯುತ್ತಾರೇನಯ್ಯ’ ಎಂದು ಕೇಳಿಸಿಕೊಂಡಿದ್ದೇನೆ.

ಈ ಮಾತುಗಳ ಸದ್ದನ್ನೂ ಗಮನಿಸಿ. ‘ಗ್ಲ’ ಎಂದು ಶುರುವಾಗುವ ಇಂಗ್ಲಿಷ್ ಮಾತುಗಳಲ್ಲಿ ಹಲವು ಬೆಳಕಿಗೆ ಸಂಬಂಧಪಟ್ಟವು ಎಂಬುದನ್ನು ಭಾಷಾಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನನಗೆ ಅದಕ್ಕಿಂತ ಉಪಯುಕ್ತವೆನಿಸುವುದು ಪದದ ಬಾಲ. ಗ್ಲಿಟರ್, ಗ್ಲಿಮರ್, ಶಿಮರ್, ಫ್ಲಿಕರ್ ಇವುಗಳ ಕೊನೆಯ ‘ಅರ್’ ಒಂದು ಕ್ರಿಯೆ ಮತ್ತೆ ಮತ್ತೆ ನಡೆಯುವುದನ್ನು ಸೂಚಿಸುವ ಹಳೆಯ ಪ್ರತ್ಯಯ. ಕನ್ನಡ ಇದೇ ಕೆಲಸವನ್ನು ಪದವನ್ನು ಇಮ್ಮಡಿಸಿ ಮಾಡುತ್ತದೆ: ಫಳಫಳ, ಮಿಣಮಿಣ. ಒಮ್ಮೆ ಮಾತ್ರ ಹೊಳೆದು ಆರಿದ್ದಕ್ಕೆ ನಾವು ‘ಫಳಕ್ಕನೆ’ ಎನ್ನುತ್ತೇವೆ, ಅವರು ‘ಗ್ಲಿಂಟ್’ ಎನ್ನುತ್ತಾರೆ. ಐದನೆಯ ಪುಟದಲ್ಲಿ ಮರಗಸಿ ಮಾಡುವವನು, ಅಂದರೆ ನೆರಳು ಮರದ ಕೊಂಬೆ ಸವರುವವನು, ಸಿಲ್ವರ್ ಓಕಿನ ಮೇಲಿಂದ ಕತ್ತಿ ಬೀಸಿದಾಗ ನಿಮಗೆ ಬೇಕಾಗಿದ್ದದ್ದು ಆ ಒಂದು ‘ಗ್ಲಿಂಟ್’. ನೀವು ‘ಗ್ಲಿಟರ್’ ಬರೆದಿರುವುದರಿಂದ ಕತ್ತಿ ಅಲ್ಲೇ ಗಾಳಿಯಲ್ಲಿ ಫಳಫಳ ಎನ್ನುತ್ತಾ ನಿಂತುಬಿಟ್ಟಿದೆ.

ಬೇಲೂರಿನ ಭಾಗವನ್ನು ನೀವು ಇನ್ನೊಮ್ಮೆ ಅಲ್ಲಿಗೆ ಹೋಗಿ ನೋಡಿ ಬರೆಯಬೇಕೆಂದು ನನ್ನ ಅಪೇಕ್ಷೆ, ತೋಟದಿಂದ ದೂರವೇನಲ್ಲ. ಚೆನ್ನಕೇಶವ ದೇವಾಲಯದ ನವರಂಗದ ಕಂಬಗಳು ‘ಸ್ಪಾರ್ಕಲ್’ ಆದವು ಎಂದು ಬರೆದಿದ್ದೀರಿ. ‘ಸ್ಪಾರ್ಕಲ್’ ಆಗಬೇಕಾದರೆ ಬೆಳಕು ಕಿಡಿಕಿಡಿಯಾಗಿ ಬಿಡಿಬಿಡಿ ಚುಕ್ಕೆಗಳಲ್ಲಿ ಸಿಡಿಯಬೇಕು. ವಜ್ರದ ಮೂಗುಬೊಟ್ಟು ಹಾಗೆ ಮಾಡುತ್ತದೆ, ಅಭ್ರಕದ ಚೂರುಗಳಿರುವ ಒರಟು ಕಲ್ಲೂ ಮಾಡೀತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯ ಕಲ್ಲು ನುಣುಪಾದ ಬಳಪದ ಕಲ್ಲು, ಕಂಬಗಳಲ್ಲಿ ಹಲವು ತಿರುಗಿಸಿ ಕಡೆದಂತೆ ದುಂಡಗಿರುವಂಥವು. ಹೊರಗಿನ ಬಿಸಿಲು ಜಾಲಂಧ್ರಗಳ ತೂತುಗಳಲ್ಲಿ ಸೋಸಿ ಒಳಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಕಂಬದ ಉಬ್ಬಿನ ಮೇಲೆ ಉದ್ದಕ್ಕೆ ಒಂದು ಗೆರೆಯಂತೆ ನಿಲ್ಲುತ್ತದೆ, ನೀವು ಒಂದು ಹೆಜ್ಜೆ ಸರಿದರೆ ಗೆರೆಯೂ ಸರಿಯುತ್ತದೆ. ಇದಕ್ಕೆ ‘ಗ್ಲೀಮ್’ ಸರಿ, ‘ಶೀನ್’ ಇನ್ನೂ ಸರಿ. ಅಲ್ಲಿನ ಶಿಲ್ಪ ದರ್ಪಣ ಸುಂದರಿಯ ಕೈಯ ಕನ್ನಡಿಯನ್ನು ‘ಬ್ರಿಲಿಯಂಟ್’ ಎಂದಿರುವುದನ್ನಂತೂ ಹೊಡೆದುಹಾಕಿ. ಅದು ಕಲ್ಲಿನ ಕನ್ನಡಿ, ಅದರಲ್ಲಿ ಏನೂ ಹೊಳೆಯುವುದಿಲ್ಲ. ಆದರೂ ಅವಳು ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದಾಳೆ ಎಂದು ನಾವು ನಂಬುತ್ತೇವೆ.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಅಜ್ಜಿಯ ಕಣ್ಣಿನದು. ಮೊಮ್ಮಗಳನ್ನು ಬಾಗಿಲಲ್ಲಿ ಕಂಡಾಗ ಅವರ ಕಣ್ಣು ‘ಗ್ಲಿಟರ್’ ಆಯಿತು ಎಂದಿದ್ದೀರಿ. ಇಂಗ್ಲಿಷ್ ಕಥೆಗಳಲ್ಲಿ ಕಣ್ಣು ಹಾಗಾಗುವುದು ಹೆಚ್ಚಾಗಿ ದುರಾಸೆಯಿಂದ, ಸಿಟ್ಟಿನಿಂದ, ಇಲ್ಲವೇ ಜ್ವರದಿಂದ; ಅದು ತಣ್ಣನೆಯ, ಗಡುಸಾದ ಹೊಳಪು. ಅದನ್ನು ಬಲ್ಲ ಓದುಗ ಆ ಸಾಲಿನಿಂದ ಮುಂದೆ ಅಜ್ಜಿ ಯಾವಾಗ ತೋಟದ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೋ ಎಂದು ಕಾಯುತ್ತಾ ಕೂರುತ್ತಾನೆ. ಪ್ರೀತಿಗೆ ‘ಶೋನ್’ ಸಾಕು, ಕೀಟಲೆಗೆ ‘ಟ್ವಿಂಕಲ್’, ತುಂಬಿ ಬಂದ ಕಣ್ಣಿಗೆ ‘ಗ್ಲಿಸನ್’. ಅಂದಹಾಗೆ, ಹಿತ್ತಾಳೆ ದೀಪವನ್ನು ಉಜ್ಜಿ ಬೆಳಗಿದ್ದಕ್ಕೆ ‘ಶೈನ್ಡ್’, ದೀಪ ತಾನೇ ಬೆಳಗಿದ್ದಕ್ಕೆ ‘ಶೋನ್’. ನೀವು ಎರಡನ್ನೂ ತಿರುಗುಮುರುಗು ಮಾಡಿದ್ದೀರಿ.

ಸಣ್ಣ ಸಂಗತಿಗಳು ಇನ್ನೆರಡಿವೆ. ಮುಂಜಾನೆಯ ಬೆಳ್ಳಿಗೆ, ಅಂದರೆ ಶುಕ್ರಗ್ರಹಕ್ಕೆ, ‘ಟ್ವಿಂಕಲ್’ ಎಂದಿದ್ದೀರಿ. ವಾತಾವರಣದ ಕದಲಿಕೆಯಿಂದ ಮಿಣುಕುವುದು ನಕ್ಷತ್ರ, ಗ್ರಹಗಳ ಬೆಳಕು ಸಾಮಾನ್ಯವಾಗಿ ಅಲುಗದೆ ನಿಲ್ಲುತ್ತದೆ. ಇನ್ನು ಒಂಬತ್ತನೆಯ ಪುಟದಲ್ಲಿ ಮರಗಳ ತುಂಬ ಸಾವಿರಾರು ಮಿಣುಕುಹುಳುಗಳನ್ನು ‘ಗ್ಲೋ’ ಮಾಡಿಸಿದ್ದೀರಿ. ಹತ್ತಿ ಆರುವ ಬೆಳಕಿಗೆ ‘ಫ್ಲ್ಯಾಶ್’ ಎಂಬುದು ಸರಿಯಾದ ಮಾತು, ಅದಿರಲಿ. ನಿಮ್ಮ ಕಥೆಯಲ್ಲಿ ಹಣ್ಣು ಕುಯ್ಲು ನಡೆಯುತ್ತಿರುವುದು ಡಿಸೆಂಬರಿನಲ್ಲಿ, ಮಲೆನಾಡಿನ ಮರಗಳಲ್ಲಿ ಆ ಹುಳುಗಳ ಜಾತ್ರೆ ನೆರೆಯುವುದು ಮುಂಗಾರಿನ ಹೊಸ್ತಿಲಲ್ಲಿ. ಯಾವ ಪದವನ್ನು ಇಟ್ಟರೂ ಆ ರಾತ್ರಿ ಅವು ಅಲ್ಲಿರುವುದಿಲ್ಲ.

ಆರನೆಯ ಪುಟದಲ್ಲಿ, ಕರೆಂಟು ಹೋದ ಸಂಜೆ, ಅಜ್ಜಿ ಲಾಟೀನಿನ ಗಾಜನ್ನು ಬೂದಿಯಿಂದ ಉಜ್ಜಿ ತೊಳೆದು, ಸೆರಗಿನಿಂದ ಒರೆಸಿ, ದೀಪ ಹಚ್ಚಿದ ಮೇಲೆ ಗಾಜಿನ ಮೇಲೆ ತಮ್ಮದೇ ಹೆಬ್ಬೆರಳಿನ ಗುರುತನ್ನು ಕಂಡು ‘ಅಯ್ಯೋ’ ಎನ್ನುವ ಒಂದು ಸಾಲಿದೆ. ಅದರಲ್ಲಿ ಬೆಳಕಿನ ಪದ ಒಂದೂ ಇಲ್ಲ, ಆದರೆ ಕೋಣೆ ನನಗೆ ಪೂರ್ತಿ ಕಾಣಿಸಿತು. ಆ ಸಾಲನ್ನು ಮುಟ್ಟಬೇಡಿ. ಅದರ ಬೆನ್ನಿಗೇ ‘ಶಿಮರ್’, ‘ಗ್ಲಿಮರ್’ ಎರಡನ್ನೂ ಹೊತ್ತು ಬರುವ ವಾಕ್ಯವನ್ನು ತೆಗೆದುಹಾಕಿ, ತಿದ್ದಿದ ಪ್ರತಿಯನ್ನು ಯುಗಾದಿಯೊಳಗೆ ನನಗೆ ತಲುಪಿಸಿ.

ಇಂತು ನಿಮ್ಮ,
ಸಂಪಾದಕ